ಸೈಕಲ್ಲಿನ ಬಿಗಿದ ಕ್ರ್ಯಾಂಕು

(ಪೋಷಕರ ಸಭೆಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಆಯುಧಪೂಜೆಯ ದಿನ ನಮ್ಮ ಮನೆಗಳಲ್ಲಿ ಮಗ್ಗ, ಕತ್ತರಿ, ಕುಡುಗೋಲುಗಳ ಜೊತೆಗೆ ಸೈಕಲ್ಲಿಗೂ ಪೂಜೆ ಸಲ್ಲುತ್ತದೆ. ತೊಳೆದು, ಕುಂಕುಮವಿಟ್ಟು, ಹೂವಿನ ಹಾರ ಹಾಕುತ್ತೇವೆ. ವರ್ಷದ ಉಳಿದ ದಿನಗಳಲ್ಲಿ ಅದು ಶಬ್ದ ಮಾಡಿದರೆ ಮಾತ್ರ ನಮಗೆ ಅದರ ನೆನಪು. ಇಂದು ನಾನು ಅಂತಹ ಒಂದು ಶಬ್ದವನ್ನೂ ಅದಕ್ಕೆ ಕಾರಣವಾದ ಒಂದು ಸಣ್ಣ ಬೆಣೆಯನ್ನೂ ಕುರಿತು ಮಾತನಾಡಬೇಕೆಂದಿದ್ದೇನೆ. ಬೆಣೆ ಸಣ್ಣದಾದರೂ ವಿಷಯ ಸಣ್ಣದಲ್ಲ. ನಮ್ಮ ಮಕ್ಕಳಲ್ಲಿ ಹಲವರು ಬಸ್ಸು ಲಾರಿಗಳ ನಡುವೆ ಮೇಟುಪಾಳ್ಯಂ ರಸ್ತೆಯಲ್ಲಿ ಸೈಕಲ್ ತುಳಿದು ಬರುವವರು. ತುಳಿಯುತ್ತಿರುವಾಗ ಪೆಡಲು ತಟ್ಟನೆ ಜಾರಿದರೆ ಕಾಲು ತಪ್ಪುತ್ತದೆ. ಕಾಲು ತಪ್ಪಿದರೆ ಸೈಕಲ್ಲು ಯಾವ ಕಡೆಗೆ ವಾಲುವುದೆಂದು ಹೇಳುವಂತಿಲ್ಲ.

ಪೆಡಲನ್ನು ಹೊತ್ತ ಉಕ್ಕಿನ ತೋಳಿಗೆ ಕ್ರ್ಯಾಂಕು ಎಂದು ಹೆಸರು. ಎರಡು ಕ್ರ್ಯಾಂಕುಗಳ ನಡುವೆ ಒಂದು ಅಚ್ಚು. ನಮ್ಮ ಊರುಗಳ ಹಳೆಯ ಕಪ್ಪು ಸೈಕಲ್ಲುಗಳಲ್ಲಿ ಕ್ರ್ಯಾಂಕನ್ನು ಅಚ್ಚಿಗೆ ಕಟ್ಟಿಹಾಕುವುದು ಕಾಟರ್ ಪಿನ್ನು. ಅದು 9.5 ಮಿಲಿಮೀಟರು, ಎಂದರೆ ಅಂಗುಲದ ಎಂಟರಲ್ಲಿ ಮೂರು ಪಾಲು ದಪ್ಪದ ಉಕ್ಕಿನ ಕಡ್ಡಿ. ಅದರ ಒಂದು ಮಗ್ಗುಲನ್ನು ಓರೆಯಾಗಿ ಚಪ್ಪಟೆ ಮಾಡಿರುತ್ತಾರೆ. ಆ ಚಪ್ಪಟೆ ಮಗ್ಗುಲು ಅಚ್ಚಿನಲ್ಲಿ ಕೊರೆದ ಕಚ್ಚಿಗೆ ಒತ್ತಿ ಕುಳಿತುಕೊಳ್ಳುತ್ತದೆ. ತೆಳುವಾದ ತುದಿಗೆ ಒಂದು ನಟ್ಟು. ಗುದ್ದಲಿಯ ಕಾವಿಗೆ ಹೊಡೆಯುವ ಬೆಣೆಯೂ ಇದೂ ಒಂದೇ ಜಾತಿ. ಬೆಣೆಯನ್ನು ಒಳಗೆ ಹೊಡೆದಷ್ಟೂ ಅದು ಪಕ್ಕಕ್ಕೆ ಒತ್ತುತ್ತದೆ. ಪಕ್ಕಕ್ಕೆ ಒತ್ತಿದಷ್ಟೂ ಬಿಗಿಯುತ್ತದೆ.

ಈ ಪಿನ್ನು ಹೊರುವ ಭಾರವೆಷ್ಟು? ಮೇಲಿನ ತರಗತಿಯ ಮಕ್ಕಳು ನನ್ನೊಡನೆ ಲೆಕ್ಕ ಹಾಕಲಿ. ಕ್ರ್ಯಾಂಕಿನ ಉದ್ದ ಸಾಮಾನ್ಯವಾಗಿ 165 ಮಿಲಿಮೀಟರು. ಅಚ್ಚಿನ ದಪ್ಪ ಸುಮಾರು 16. ಅದರ ನಡುವಿನಿಂದ ಅಂಚಿಗೆ 8. ಸನ್ನೆಯ ನಿಯಮದಂತೆ ಪೆಡಲಿನ ಮೇಲಿನ ಒತ್ತಡ ಅಚ್ಚಿನ ಅಂಚಿಗೆ ಬರುವಾಗ ಸುಮಾರು ಇಪ್ಪತ್ತು ಮಡಿಯಾಗುತ್ತದೆ. 50 ಕಿಲೋಗ್ರಾಂ ತೂಕದ ಹುಡುಗ ಏರಿನಲ್ಲಿ ಪೆಡಲಿನ ಮೇಲೆ ಎದ್ದು ನಿಂತನೆಂದರೆ, ಆ ಸಣ್ಣ ಬೆಣೆಯ ಮೇಲೆ ಸುಮಾರು 1000 ಕಿಲೋಗ್ರಾಂ ಭಾರ ಬಿದ್ದಂತಾಯಿತು. ದಿನವೂ ಸಾವಿರಾರು ಸಲ ಇಂತಹ ಒತ್ತಡವನ್ನು ತಾಳುವ ಪಿನ್ನು ಕಚ್ಚಿಕೊಂಡು ಕುಳಿತರೆ ಆಶ್ಚರ್ಯವಿಲ್ಲ. ಇದರ ಮೇಲೆ ಮಳೆಗಾಲದ ನೀರು ಸಂದಿಗೆ ಇಳಿಯುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಜಾಗವಿಲ್ಲದ ಕಡೆ ಹಿಗ್ಗಿದ ತುಕ್ಕು ಎರಡನೆಯ ಬೆಣೆಯಾಗುತ್ತದೆ.

ಪಿನ್ನು ಸವೆದುದನ್ನು ತಿಳಿಯುವುದು ಹೇಗೆ? ಎರಡು ಪೆಡಲುಗಳನ್ನೂ ನೆಲಕ್ಕೆ ಸಮವಾಗಿ ನಿಲ್ಲಿಸಿ, ಎರಡನ್ನೂ ಒಟ್ಟಿಗೆ ಕೈಯಿಂದ ಒತ್ತಿರಿ. ಅರ್ಧ ಸುತ್ತು ತಿರುಗಿಸಿ ಮತ್ತೆ ಒತ್ತಿರಿ. ಯಾವುದಾದರೊಂದು ಕ್ರ್ಯಾಂಕು 'ಟಕ್' ಎಂದು ಸರಿದರೆ ಅದರ ಪಿನ್ನನ್ನು ಬದಲಿಸಬೇಕು. ಹಾಗೆಯೇ ಸವಾರಿ ಮಾಡಿದರೆ ಪಿನ್ನು ಮಾತ್ರವಲ್ಲ, ಅಚ್ಚಿನ ಕಚ್ಚೂ ಸವೆಯುತ್ತದೆ. ಕೆಲವು ರೂಪಾಯಿಯ ಪಿನ್ನಿನಲ್ಲಿ ಮುಗಿಯುತ್ತಿದ್ದ ಕೆಲಸ ಅಚ್ಚನ್ನೇ ಬದಲಿಸುವವರೆಗೆ ಬೆಳೆಯುತ್ತದೆ.

ಇನ್ನು ಬಿಚ್ಚುವ ಕ್ರಮ. ನಮ್ಮಲ್ಲಿ ಅನೇಕರು ನಟ್ಟನ್ನು ಪೂರ್ತಿ ತೆಗೆದು, ಕೈಗೆ ಸಿಕ್ಕ ಸುತ್ತಿಗೆಯಿಂದ ಟಪ ಟಪ ಬಡಿಯಲಾರಂಭಿಸುತ್ತಾರೆ. ಹತ್ತು ಪೆಟ್ಟಿಗೆ ಪಿನ್ನಿನ ತುದಿ ಅಣಬೆಯಂತೆ ಅರಳುತ್ತದೆ. ಅರಳಿದ ತುದಿ ರಂಧ್ರದೊಳಗೆ ಇಳಿಯದು. ಆಗ ಸಿಟ್ಟು ಬರುತ್ತದೆ. ಸಿಟ್ಟಿನ ಪೆಟ್ಟಿಗೆ ಪಿನ್ನು ಬಾಗುತ್ತದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದೆಂಬ ಗಾದೆ ಸೈಕಲ್ಲಿಗೂ ಸಲ್ಲುತ್ತದೆ.

ಸರಿಯಾದ ಕ್ರಮ ಹಿಂದಿನ ರಾತ್ರಿಯೇ ಆರಂಭವಾಗುತ್ತದೆ. ಮಣ್ಣನ್ನು ಕೆರೆದು ಒರೆಸಿ, ಪಿನ್ನಿನ ಎರಡು ತುದಿಗಳಿಗೂ ತೆಳುವಾದ ಯಂತ್ರದೆಣ್ಣೆಯನ್ನು ಹನಿಸಿ ಬಿಡಬೇಕು. ಎಣ್ಣೆ ಟಯರಿಗೂ ಬ್ರೇಕಿನ ರಬ್ಬರಿಗೂ ತಾಗಬಾರದು. ರಾತ್ರಿಯೆಲ್ಲ ಎಣ್ಣೆ ತುಕ್ಕಿನ ಸಂದಿಗಳಲ್ಲಿ ಇಳಿಯುತ್ತದೆ.

ಬೆಳಿಗ್ಗೆ ಅಳತೆಗೆ ಸರಿಯಾದ ಸ್ಪ್ಯಾನರಿನಿಂದ ನಟ್ಟನ್ನು ಸಡಿಲಿಸಿ, ಆದರೆ ತೆಗೆಯಬೇಡಿ. ನಟ್ಟಿನ ಮುಖ ಪಿನ್ನಿನ ತುದಿಗೆ ಸಮವಾಗಿ ಬರುವಷ್ಟು ತಿರುಗಿಸಿ ನಿಲ್ಲಿಸಿ. ಪೆಟ್ಟು ಬಿದ್ದಾಗ ತುದಿ ಅರಳದಂತೆ ಅದು ಕಾಯುತ್ತದೆ. ಅನಂತರ ನಟ್ಟು ಮೇಲಕ್ಕೆ ಬರುವಂತೆ ಕ್ರ್ಯಾಂಕನ್ನು ನೆಲಕ್ಕೆ ಸಮವಾಗಿ ನಿಲ್ಲಿಸಿ. ಈಗ ಪಿನ್ನಿನ ದಪ್ಪ ತುದಿ ಕೆಳಗಿರುತ್ತದೆ. ಆ ತುದಿ ಒಳಗೆ ಇಳಿಯುವಷ್ಟು ಅಗಲದ ಗಟ್ಟಿಯಾದ ಕಬ್ಬಿಣದ ಕೊಳವೆಯೊಂದನ್ನು ನೆಲದಿಂದ ಕ್ರ್ಯಾಂಕಿನ ತಳದವರೆಗೆ ಬರುವಷ್ಟು ಉದ್ದಕ್ಕೆ ಕತ್ತರಿಸಿಕೊಂಡು, ಕ್ರ್ಯಾಂಕಿನ ಕೆಳಗೆ ನಿಲ್ಲಿಸಬೇಕು. ಸೈಕಲ್ಲಿನ ಭಾರ ಆ ಕೊಳವೆಯ ಮೇಲೆ ಕುಳಿತಿರಬೇಕು.

ಈ ಕೊಳವೆಯೇ ಇಡೀ ಕೆಲಸದ ಜೀವಾಳ. ಅಚ್ಚಿನ ಎರಡು ಬದಿಗಳಲ್ಲೂ ಕಾಲಂಗುಲದ ಉಕ್ಕಿನ ಗುಂಡುಗಳಿವೆ; ಸಾಮಾನ್ಯವಾಗಿ ಬದಿಗೆ 11. ಆಸರೆಯಿಲ್ಲದೆ ಹೊಡೆದ ಪೆಟ್ಟು ಅಚ್ಚಿನ ಮೂಲಕ ಆ ಗುಂಡುಗಳಿಗೆ ತಲುಪಿ, ಅವು ಉರುಳುವ ನುಣುಪಾದ ಬಟ್ಟಲಿನಲ್ಲಿ ಕುಳಿ ಬೀಳಿಸುತ್ತದೆ. ಉಳಿದ ಬಲವೆಲ್ಲ ಚೌಕಟ್ಟಿನ ಅದುರುವಿಕೆಯಲ್ಲಿ ವ್ಯರ್ಥವಾಗುತ್ತದೆ. ಉಯ್ಯಾಲೆಯ ಮೇಲಿಟ್ಟು ತೆಂಗಿನಕಾಯಿ ಒಡೆಯುವವರುಂಟೆ? ಕಲ್ಲಿನ ಮೇಲಿಟ್ಟರೆ ಒಂದೇ ಪೆಟ್ಟು ಸಾಕು. ಕೊಳವೆ ಆ ಕಲ್ಲಿನ ಕೆಲಸ ಮಾಡುತ್ತದೆ.

ಈಗ ಒಬ್ಬರು ಸೈಕಲ್ಲನ್ನು ಅಲುಗದಂತೆ ಹಿಡಿಯಲಿ. ಉಕ್ಕಿನ ಚೂರು ಹಾರೀತು. ಹೊಡೆಯುವವರೂ ಹಿಡಿಯುವವರೂ ಕಣ್ಣಿಗೆ ಕನ್ನಡಕ ಹಾಕಿಕೊಳ್ಳಲಿ. ಭಾರವಾದ ಸುತ್ತಿಗೆಯಿಂದ ನೆಟ್ಟಗೆ ಒಂದೇ ಪೆಟ್ಟು. ಹಗುರವಾದ ಇಪ್ಪತ್ತು ಪೆಟ್ಟುಗಳು ಪಿನ್ನಿನ ತುದಿಯನ್ನು ಕೆಡಿಸುತ್ತವೆಯೇ ಹೊರತು ಬುಡವನ್ನು ಅಲುಗಿಸವು. ಎರಡು ಮೂರು ಪೆಟ್ಟಿಗೂ ಕದಲದಿದ್ದರೆ ಸುತ್ತಿಗೆಯನ್ನು ಕೆಳಗಿಟ್ಟು, ಮತ್ತೆ ಎಣ್ಣೆ ಹನಿಸಿ ಇನ್ನೊಂದು ದಿನ ಕಾಯಿರಿ. ಆಗಲೂ ಬಾರದಿದ್ದರೆ ಸೈಕಲ್ ಅಂಗಡಿಗೆ ಒಯ್ಯಿರಿ. ಅಲ್ಲಿ ಪಿನ್ನಿನ ನಡುವೆ ರಂಧ್ರ ಕೊರೆದು ತೆಗೆಯುತ್ತಾರೆ. ಎಲ್ಲಿ ನಿಲ್ಲಿಸಬೇಕೆಂದು ತಿಳಿದಿರುವುದೂ ಕುಶಲತೆಯೇ.

ಹೊಸ ಪಿನ್ನು ಹಳೆಯದರ ದಪ್ಪಕ್ಕೂ ಓರೆಗೂ ಸರಿಯಾಗಿರಬೇಕು. ಹಳೆಯದನ್ನು ಅಂಗಡಿಗೆ ಒಯ್ದು ತೋರಿಸಿ ಕೊಳ್ಳಿರಿ. ಎರಡು ಬದಿಯ ಪಿನ್ನುಗಳನ್ನು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಸೇರಿಸಿದರೆ ಮಾತ್ರ ಎರಡು ಕ್ರ್ಯಾಂಕುಗಳೂ ಒಂದೇ ಗೆರೆಯಲ್ಲಿ ನಿಲ್ಲುತ್ತವೆ. ಕೂರಿಸುವಾಗಲೂ ಕೊಳವೆಯ ಆಸರೆ ಬೇಕು. ಮೊದಲು ಸುತ್ತಿಗೆಯಿಂದ ಕೂರಿಸಿ, ಆಮೇಲೆ ನಟ್ಟು ಬಿಗಿಯಿರಿ. ಕೆಲವು ಮೈಲಿ ಸವಾರಿಯಾದ ಮೇಲೆ ಮತ್ತೊಮ್ಮೆ ಬಿಗಿಯುವುದನ್ನು ಮರೆಯಬೇಡಿ.

ಹೊಸ ಮಾದರಿಯ ಅನೇಕ ಸೈಕಲ್ಲುಗಳಲ್ಲಿ ಈ ಪಿನ್ನು ಇಲ್ಲ. ಅಚ್ಚಿನ ತುದಿಯೇ ನಾಲ್ಕು ಮುಖದ ಬೆಣೆಯಾಗಿ ಕ್ರ್ಯಾಂಕಿನೊಳಗೆ ಕಚ್ಚಿಕೊಂಡಿರುತ್ತದೆ. ಅದಕ್ಕೆ ಸುತ್ತಿಗೆ ಸಲ್ಲದು. ಕ್ರ್ಯಾಂಕನ್ನು ಹಿಡಿದು ಅಚ್ಚನ್ನು ಹಿಂದಕ್ಕೆ ಒತ್ತುವ ತಿರುಪಿನ ಉಪಕರಣವೊಂದಿದೆ. ಅದರ ಮರೆಯನ್ನು ಕ್ರ್ಯಾಂಕಿನೊಳಗೆ ಪೂರ್ತಿ ತಿರುಗಿಸಿದ ಮೇಲೆಯೇ ಒತ್ತಬೇಕು. ಇಲ್ಲವಾದರೆ ಅಲ್ಯೂಮಿನಿಯಮ್ಮಿನ ಮರೆಗಳು ಕಿತ್ತುಬರುತ್ತವೆ.

ನಮ್ಮ ಪೆರಿಯನಾಯಕನಪಾಳ್ಯಂ ಯಂತ್ರಗಳನ್ನು ಅರಿಯದ ಊರಲ್ಲ. 1930ರಲ್ಲಿ ಶ್ರೀ ಟಿ. ಎಸ್. ಅವಿನಾಶಿಲಿಂಗಂ ಚೆಟ್ಟಿಯಾರರು ಆರಂಭಿಸಿದ ರಾಮಕೃಷ್ಣ ವಿದ್ಯಾಲಯವು ಓದಿನೊಡನೆ ಕೈಕೆಲಸವನ್ನೂ ಇಲ್ಲಿ ಬೆಳೆಸಿತು. 1962ರಲ್ಲಿ ಸ್ಥಾಪನೆಯಾದ ಲಕ್ಷ್ಮಿ ಮೆಷಿನ್ ವರ್ಕ್ಸ್ ನೂಲುವ ಯಂತ್ರಗಳಿಂದ ಹೆಸರಾಯಿತು. ಕಾರ್ಖಾನೆಗಳಲ್ಲಿ ದುಡಿಯುವ ಪೋಷಕರಿಗೆ ನಾನು ಹೇಳಿದುದು ಹೊಸದಲ್ಲ. ಡ್ರಿಲ್ಲಿಂಗ್ ಯಂತ್ರದಲ್ಲಿ ಓರೆ ಬುಡದ ಬೈರಿಗೆ ಕಚ್ಚಿಕೊಂಡರೆ, ಅದನ್ನು ಎಳೆದಾಡದೆ ಪಕ್ಕದ ಸೀಳಿನಲ್ಲಿ ತೆಳುವಾದ ಬೆಣೆಯಿಟ್ಟು ಒಂದು ತಟ್ಟು ತಟ್ಟಿ ಇಳಿಸುತ್ತಾರೆ. ಬೆಣೆಯನ್ನು ಬಿಡಿಸುವುದು ಬಲದ ಹೆಚ್ಚಳವಲ್ಲ, ಬಲದ ದಿಕ್ಕು.

ಆದುದರಿಂದ ನನ್ನದು ಎರಡು ಬಿನ್ನಹ. ಮೊದಲನೆಯದು ತಂದೆಯರಿಗೆ. ಕಾರ್ಖಾನೆಯಲ್ಲಿ ಕಲಿತ ಈ ವಿದ್ಯೆಯನ್ನು ಗೇಟಿನ ಬಳಿಯೇ ಬಿಟ್ಟು ಮನೆಗೆ ಬರಬೇಡಿ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿರಿ. ಸೈಕಲ್ ಅಂಗಡಿಯವರು ಕೆಲಸ ಮಾಡುವಾಗ ಮಕ್ಕಳು ನಿಂತು ನೋಡಲಿ, ಪ್ರಶ್ನೆ ಕೇಳಲಿ. ಅವರನ್ನು ಗುರುಗಳೆಂದೇ ಗೌರವಿಸಲಿ.

ಎರಡನೆಯದು ತಾಯಂದಿರಿಗೆ. ನಮ್ಮ ರಾಜ್ಯದಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ 11ನೆಯ ತರಗತಿಯ ಮಕ್ಕಳಿಗೆ ಸರ್ಕಾರವೇ ಸೈಕಲ್ ಕೊಟ್ಟ ಪರಿಣಾಮವಾಗಿ ಎಷ್ಟೋ ಹೆಣ್ಣುಮಕ್ಕಳು ಸ್ವಂತ ಸೈಕಲ್ಲಿನ ಒಡತಿಯರಾದರು. ಸೈಕಲ್ ಬಂದಿತು, ಸ್ಪ್ಯಾನರು ಮಾತ್ರ ಅಣ್ಣನ ಕೈಯಲ್ಲೇ ಉಳಿಯಿತು. ಪೆಡಲು ಕೆಟ್ಟ ದಿನ ಅಣ್ಣನಿಗೆ ಬಿಡುವಿಲ್ಲದಿದ್ದರೆ ತಂಗಿ ಶಾಲೆಗೆ ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಆ ದಿನ ಬರೆಯುವ ಗೈರುಹಾಜರಿಗೆ ಜ್ವರ ಕಾರಣವಲ್ಲ, ಮಳೆ ಕಾರಣವಲ್ಲ, ಒಂದು ಬೆಣೆ ಕಾರಣ. ಈ ಕೆಲಸಕ್ಕೆ ಬೇಕಾದುದು ಒಂದು ರಾತ್ರಿಯ ತಾಳ್ಮೆ, ಒಂದು ಕೊಳವೆ, ಒಂದು ನೇರವಾದ ಪೆಟ್ಟು. ಇವು ಮೂರೂ ಹೆಣ್ಣುಮಕ್ಕಳಿಗೆ ಸಾಧ್ಯವಾದುವೇ.

ಶಾಲೆಯ ಹಿಂಬದಿಯ ಜಗಲಿಯ ಮೇಲೆ ಒಂದು ಸುತ್ತಿಗೆ, ಸ್ಪ್ಯಾನರುಗಳು, ಅಳತೆಗೆ ಕತ್ತರಿಸಿದ ಒಂದು ಕೊಳವೆ ಇರುತ್ತವೆ. ಮುಂದಿನ ಶನಿವಾರ ಮಧ್ಯಾಹ್ನ ಸೈಕಲ್ಲುಳ್ಳ ಮಕ್ಕಳೆಲ್ಲರೂ ಅವನ್ನು ತರಲಿ. ಕೆಲಸ ಬಲ್ಲ ಪೋಷಕರು ದಯಮಾಡಿ ಬರಬೇಕು. ಶುಕ್ರವಾರ ರಾತ್ರಿ ಎಣ್ಣೆ ಹನಿಸುವುದನ್ನು ಮಾತ್ರ ಯಾರೂ ಮರೆಯಬಾರದು.