ಒಂದು ಮೀಟರು, ಹಲವು ದೀಪ

ತಿಂಗಳ ಮೊದಲ ವಾರದಲ್ಲಿ ನಮ್ಮ ಊರುಗಳ ಬಾಡಿಗೆ ಮನೆಗಳ ಜಗಲಿಯ ಮೇಲೆ ನಡೆಯುವ ಒಂದು ಮಾತುಕತೆ ಶ್ರೋತೃಗಳಲ್ಲಿ ಅನೇಕರಿಗೆ ಪರಿಚಿತವಾದುದೇ. “ಏನು ಸ್ವಾಮಿ, ಈ ತಿಂಗಳು ಕರೆಂಟಿಗೆ ಇಷ್ಟೊಂದು ಹೇಳುತ್ತೀರಿ?” ಎಂದು ಬಾಡಿಗೆಗೆ ಇರುವವರು ಕೇಳುತ್ತಾರೆ. “ನಿಮ್ಮ ಮನೆಗೆ ನೆಂಟರು ಬಂದಿದ್ದರಲ್ಲ, ಹಗಲೂ ರಾತ್ರಿ ಫ್ಯಾನು ತಿರುಗುತ್ತಲೇ ಇತ್ತು” ಎಂದು ಮನೆಯ ಯಜಮಾನರು ಉತ್ತರ ಕೊಡುತ್ತಾರೆ. “ನೆಂಟರು ಇದ್ದದ್ದು ಎರಡೇ ದಿನ.” “ಎರಡು ದಿನವೋ ನಾಲ್ಕು ದಿನವೋ, ಬಿಲ್ಲು ಬಂದಿರುವುದು ನಿಜ ತಾನೆ?” ಇಲ್ಲಿಗೆ ಮಾತು ನಿಲ್ಲುತ್ತದೆ. ಹಣವೇನೋ ಸಂದಾಯವಾಗುತ್ತದೆ, ಮನಸ್ಸಿನ ಮುನಿಸು ಮಾತ್ರ ಬಾಕಿ ಉಳಿಯುತ್ತದೆ. ಇಬ್ಬರಲ್ಲಿ ಯಾರೂ ಸುಳ್ಳು ಹೇಳಿದವರಲ್ಲ. ಗೋಡೆಯ ಮೇಲಿರುವ ಮೀಟರನ್ನು ಇಬ್ಬರೂ ನೋಡಿಲ್ಲ, ಅಷ್ಟೆ.

ಸ್ವಂತ ಮನೆ, ಸ್ವಂತ ಮೀಟರು ಉಳ್ಳವರಿಗೆ ಈ ತೊಡಕಿಲ್ಲ. ತಾವು ಬಳಸಿದ್ದಕ್ಕೆ ತಾವು ತೆರುತ್ತಾರೆ. ತೊಡಕು ಹುಟ್ಟುವುದು, ಒಬ್ಬರ ಹೆಸರಿನ ಮೀಟರಿನಿಂದ ಹಲವರು ದೀಪ ಹಚ್ಚಿಕೊಂಡಾಗ. ಅರಸೀಕೆರೆಯನ್ನು ನೋಡಿ. ರೈಲು ದಾರಿಗಳು ಕೂಡುವ ಊರು, ಕೊಬ್ಬರಿಯ ದೊಡ್ಡ ಮಾರುಕಟ್ಟೆ. ನೌಕರಿಗಾಗಿ, ವ್ಯಾಪಾರಕ್ಕಾಗಿ, ಮಕ್ಕಳ ಓದಿಗಾಗಿ ಬಂದು ನೆಲಸಿದವರು ಅಲ್ಲಿ ಬಹಳ ಮಂದಿ. ವಠಾರದಲ್ಲಿಯೋ, ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿಯೋ ಅವರ ಸಂಸಾರ. ಬೇಲೂರು, ಹಳೇಬೀಡುಗಳಲ್ಲಿ ಇದೇ ವಿಷಯ ಇನ್ನೊಂದು ರೂಪದಲ್ಲಿ ಕಾಣುತ್ತದೆ. ಅಲ್ಲಿ ಯಾತ್ರಿಕರನ್ನು, ಪ್ರವಾಸಿಗಳನ್ನು ನಂಬಿದ ಅಂಗಡಿ, ಹೋಟೆಲು, ವಸತಿಗೃಹಗಳುಂಟು. ಬೇಲೂರಿನ ತೇರಿನ ಕಾಲಕ್ಕೆ ಬಂದು ಸೇರುವ ಅಂಗಡಿಗಳೂ ಉಂಟು. ಅಂಥ ಕಡೆಗಳಲ್ಲಿ ಒಬ್ಬರು ತಂತಿ ಎಳೆಸಿ, ಉಳಿದವರಿಗೆ ದಿನಕ್ಕೆ ಬಲ್ಬಿಗೆ ಇಷ್ಟು ಎಂದು ಗೊತ್ತುಮಾಡುವ ರೂಢಿ ನಾವೆಲ್ಲ ಕಂಡದ್ದೇ. ವಠಾರವಾಗಲಿ, ಜಾತ್ರೆಯ ಅಂಗಡಿಸಾಲಾಗಲಿ, ಪ್ರಶ್ನೆ ಒಂದೇ: ಮೀಟರು ಒಬ್ಬರದು, ಬಳಕೆ ಹಲವರದು, ಯಾರು ಎಷ್ಟು ಕೊಡತಕ್ಕದ್ದು?

ಇದಕ್ಕೆ ಉತ್ತರ ಕಾಣಬೇಕಾದರೆ ಮೊದಲು ಯೂನಿಟ್ಟು ಎಂದರೇನು ಎಂಬುದನ್ನು ತಿಳಿದುಕೊಳ್ಳಬೇಕು. ಸಾವಿರ ವ್ಯಾಟಿನ ಒಂದು ಸಾಧನ ಒಂದು ಗಂಟೆ ಕೆಲಸ ಮಾಡಿದರೆ ಒಂದು ಯೂನಿಟ್ಟು ಖರ್ಚಾಯಿತು. 9 ವ್ಯಾಟಿನ ಎಲ್‌ಇಡಿ ಬಲ್ಬು ಒಂದು ಯೂನಿಟ್ಟಿನಲ್ಲಿ ಸುಮಾರು 111 ಗಂಟೆ ಉರಿಯುತ್ತದೆ. ಹಳೆಯ ಕಾಲದ 60 ವ್ಯಾಟಿನ ಬಲ್ಬು 16 ಗಂಟೆ 40 ನಿಮಿಷ ಉರಿಯುತ್ತಿತ್ತು. 75 ವ್ಯಾಟಿನ ಫ್ಯಾನು ಹದಿಮೂರು ಗಂಟೆಗಿಂತ ತುಸು ಹೆಚ್ಚು ಕಾಲ ತಿರುಗುತ್ತದೆ. ಆದರೆ ಸ್ನಾನದ ನೀರು ಕಾಯಿಸುವ 1500 ವ್ಯಾಟಿನ ಕಾಯಿಲು ಅದೇ ಒಂದು ಯೂನಿಟ್ಟನ್ನು 40 ನಿಮಿಷದಲ್ಲಿ ಮುಗಿಸಿಬಿಡುತ್ತದೆ. ಆದುದರಿಂದ ನೆಂಟರ ಫ್ಯಾನಿನ ಮೇಲೆ ತಪ್ಪು ಹೊರಿಸುವ ಮೊದಲು ಬಚ್ಚಲಮನೆಯ ಕಡೆ ಒಮ್ಮೆ ನೋಡುವುದು ಒಳ್ಳೆಯದು. ಬಲ್ಬಿಗೆ ಇಷ್ಟು, ತಲೆಗೆ ಇಷ್ಟು ಎಂಬ ಲೆಕ್ಕ ನ್ಯಾಯವಾಗದಿರುವುದೂ ಇದೇ ಕಾರಣದಿಂದ. ನಾಲ್ಕು ಜನರ ಒಂದು ಮನೆ ಸೌದೆಯಲ್ಲಿ ನೀರು ಕಾಯಿಸಬಹುದು. ಇಬ್ಬರೇ ಇರುವ ಮನೆ ಕಾಯಿಲು ಹಾಕಬಹುದು.

ಹಾಗಾದರೆ ಪ್ರತಿಯೊಂದು ಮನೆಗೂ ಒಂದು ಸಬ್ ಮೀಟರು ಇರಬೇಕು. ಅದಿದ್ದರೂ ಬಿಲ್ಲನ್ನು ಹಂಚುವ ಕ್ರಮ ಗೊತ್ತಿಲ್ಲದಿದ್ದರೆ ಜಗಳ ತಪ್ಪದು. ವಿದ್ಯುತ್ ಬಿಲ್ಲಿನಲ್ಲಿ ಮುಖ್ಯವಾಗಿ ಎರಡು ಭಾಗಗಳಿವೆ. ಮಂಜೂರಾದ ಕಿಲೋವ್ಯಾಟಿಗೆ ಇಷ್ಟೆಂದು ಬಳಸಿದರೂ ಬಳಸದಿದ್ದರೂ ಕೊಡಬೇಕಾದ ನಿಗದಿತ ಶುಲ್ಕ ಒಂದು. ಯೂನಿಟ್ಟುಗಳನ್ನು ಅನುಸರಿಸಿ ಬರುವ ಬಳಕೆಯ ಹಣ, ಅದರ ಮೇಲಿನ ತೆರಿಗೆ ಮುಂತಾದುವು ಇನ್ನೊಂದು. ಇವೆರಡನ್ನೂ ಬೇರೆ ಬೇರೆಯಾಗಿ ಹಂಚಬೇಕು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಇಲ್ಲಿಯ ದರಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು. ನಾಲ್ಕು ಮನೆಗಳ ಒಂದು ವಠಾರ. ಮೇನ್ ಮೀಟರು ತಿಂಗಳಿಗೆ 230 ಯೂನಿಟ್ಟು ತೋರಿಸಿದೆ. ನಾಲ್ಕು ಸಬ್ ಮೀಟರುಗಳು ಕ್ರಮವಾಗಿ 40, 55, 35, 70 ಎಂದು ತೋರಿಸಿವೆ. ಕೂಡಿದರೆ 200. ಉಳಿದ 30 ಯೂನಿಟ್ಟು ಎಲ್ಲರಿಗೂ ನೀರು ಎತ್ತುವ ಮೋಟಾರಿನದು, ಮೆಟ್ಟಲ ದೀಪದ್ದು. ಬಿಲ್ಲು 1840 ರೂಪಾಯಿ. ಅದರಲ್ಲಿ ನಿಗದಿತ ಶುಲ್ಕ 460, ಬಳಕೆಯದು 1380. ಬಳಕೆಯ 1380ನ್ನು 230ರಿಂದ ಭಾಗಿಸಿದರೆ ಯೂನಿಟ್ಟಿಗೆ 6 ರೂಪಾಯಿ ಬಿತ್ತು. ನಿಗದಿತ ಶುಲ್ಕ ಮನೆಗೆ 115. ಮೋಟಾರು, ಮೆಟ್ಟಲ ದೀಪದ 180 ರೂಪಾಯಿ ಮನೆಗೆ 45. ಈಗ ಮೊದಲನೆಯ ಮನೆಯವರು ತಮ್ಮ 40 ಯೂನಿಟ್ಟಿಗೆ 240, ಅದಕ್ಕೆ ಈ 160 ಸೇರಿಸಿ 400 ರೂಪಾಯಿ ಕೊಡತಕ್ಕದ್ದು. ಉಳಿದವರದು ಕ್ರಮವಾಗಿ 490, 370, 580. ನಾಲ್ಕನ್ನೂ ಕೂಡಿಸಿ ನೋಡಿ: ಸರಿಯಾಗಿ 1840. ಒಂದು ರೂಪಾಯಿ ಹೆಚ್ಚಿಲ್ಲ, ಒಂದು ರೂಪಾಯಿ ಕಡಿಮೆಯಿಲ್ಲ.

ಇದಕ್ಕೆ ಬದಲಾಗಿ ಯಜಮಾನರು, “ನನಗೆ ಈ ಲೆಕ್ಕವೆಲ್ಲ ಬೇಡ, ಯೂನಿಟ್ಟಿಗೆ 12 ರೂಪಾಯಿ ಕೊಡಿ” ಎಂದರೆ 2400 ರೂಪಾಯಿ ಕೂಡುತ್ತದೆ. ಬಿಲ್ಲು ಕಟ್ಟಿ 560 ಮಿಗುತ್ತದೆ. ಇದನ್ನು ಏನೆಂದು ಕರೆಯೋಣ? ಬಾಡಿಗೆ ಎಂದರೆ ಬಾಡಿಗೆಯನ್ನು ಮೊದಲೇ ಪಡೆದಾಗಿದೆ. ಮಾರಾಟ ಎಂದರೆ, ಲೈಸೆನ್ಸು ಇಲ್ಲದೆ ವಿದ್ಯುತ್ತನ್ನು ಹಂಚುವ ಅಥವಾ ವ್ಯಾಪಾರ ಮಾಡುವ ಅಧಿಕಾರವನ್ನು 2003ರ ವಿದ್ಯುತ್ ಕಾಯಿದೆ ಎಲ್ಲರಿಗೂ ಕೊಟ್ಟಿಲ್ಲ. ಯಜಮಾನರು ಮಾಡುವುದು ಖರ್ಚಿನ ಹಂಚಿಕೆ. ಅದು ಹಂಚಿಕೆಯಾಗಿಯೇ ಉಳಿಯಬೇಕು.

ಈ ವಿಚಾರದಲ್ಲಿ ಇಂಗ್ಲೆಂಡಿನ ಒಂದು ನಿಯಮ ಗಮನಿಸಲು ಯೋಗ್ಯವಾಗಿದೆ. ಅಲ್ಲಿ ಕ್ಯಾರವಾನ್ ಎಂಬ ಚಕ್ರದ ಮನೆಗಳು ಬಂದು ತಂಗುವ ತಾಣಗಳು ಅನೇಕ. ತಾಣದ ಒಡೆಯನು ವಿದ್ಯುತ್ ಕಂಪೆನಿಯಿಂದ ಕರೆಂಟು ಕೊಂಡು ಒಂದೊಂದು ಬಂಡಿಗೂ ಮೀಟರಿನ ಮೂಲಕ ಕೊಡುತ್ತಾನೆ. ತಾನು ಯೂನಿಟ್ಟಿಗೆ ಕೊಟ್ಟ ಬೆಲೆಗಿಂತ ಹೆಚ್ಚನ್ನು ಅವನು ಗೃಹಬಳಕೆದಾರರಿಂದ ತೆಗೆದುಕೊಳ್ಳಕೂಡದು ಎಂಬ ಕಟ್ಟಳೆ 2003ರಿಂದ ಅಲ್ಲಿ ಜಾರಿಯಲ್ಲಿದೆ. ಬಾಡಿಗೆ ಮನೆಗಳಿಗೂ ಅದೇ ಕಟ್ಟಳೆ. ನಮ್ಮಲ್ಲಿಯೂ ಕರ್ನಾಟಕದ ಪ್ರವಾಸೋದ್ಯಮ ನೀತಿ ಕ್ಯಾರವಾನ್ ಪ್ರವಾಸಕ್ಕೆ ಎಡೆ ಮಾಡಿಕೊಟ್ಟಿದೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿವೆ. ಚಕ್ರದ ಮನೆಯಲ್ಲಿ ಬರುವ ಅತಿಥಿಗೆ ರಾತ್ರಿ ತಂಗಲು ಜಾಗ ಕೊಡುವವರು, ಕರೆಂಟಿನ ಹಣವನ್ನು ಜಾಗದ ಬಾಡಿಗೆಯಿಂದ ಬೇರೆ ಮಾಡಿ, ಮೀಟರು ತೋರಿಸಿ ಪಡೆದರೆ ಊರಿನ ಹೆಸರೂ ಉಳಿಯುತ್ತದೆ.

ಮತ್ತೆ ನಮ್ಮ ವಠಾರಕ್ಕೆ ಬರೋಣ. ರಾಜ್ಯದ ಗೃಹಜ್ಯೋತಿ ಯೋಜನೆ 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದಿತು. 2022–23ರ ತಿಂಗಳ ಸರಾಸರಿ ಬಳಕೆಗೆ ನೂರಕ್ಕೆ ಹತ್ತರಷ್ಟು ಸೇರಿಸಿ, ಅಷ್ಟು ಯೂನಿಟ್ಟುಗಳಿಗೆ ಹಣವಿಲ್ಲ ಎಂಬುದು ಆರಂಭದಲ್ಲಿ ಅದರ ತಿರುಳಾಗಿತ್ತು. 200 ಯೂನಿಟ್ಟು ಅದರ ಮೇರೆ. ಅದನ್ನು ದಾಟಿದ ತಿಂಗಳು ಪೂರ್ತಿ ಬಿಲ್ಲನ್ನು ತೆರಬೇಕು. ಬಾಡಿಗೆದಾರರಿಗೂ ಈ ಸೌಲಭ್ಯ ಉಂಟು. ಆದರೆ ಲೆಕ್ಕ ನಡೆಯುವುದು ಮನೆಯ ಮೇಲಲ್ಲ, ಆರ್.ಆರ್. ನಂಬರಿನ ಮೇಲೆ. ನಮ್ಮ ಉದಾಹರಣೆಯ ನಾಲ್ಕು ಬಡ ಸಂಸಾರಗಳು ಒಂದೇ ನಂಬರಿನಲ್ಲಿ 230 ಯೂನಿಟ್ಟು ಬಳಸಿದ್ದರಿಂದ ನಾಲ್ಕಕ್ಕೂ ಪೂರ್ತಿ ಬಿಲ್ಲು ಬಂದಿತು. ಇವರಲ್ಲಿ ಯಾರೊಬ್ಬರೂ 70 ಯೂನಿಟ್ಟನ್ನು ಮೀರಿದವರಲ್ಲ! ಹಿಂದಿನ ಬಳಕೆಯ ದಾಖಲೆ ಇಲ್ಲದ ಹೊಸ ಸಂಪರ್ಕಗಳಿಗೆ ಯೋಜನೆ ಗೊತ್ತುಮಾಡಿದ್ದು 58 ಯೂನಿಟ್ಟು. ಪ್ರತ್ಯೇಕ ಮೀಟರುಗಳಿದ್ದು ಈ ಲೆಕ್ಕ ಹಿಡಿದರೆ, ಮೂರು ಮನೆಗಳ ಬಳಕೆ ಅದರೊಳಗೇ ಅಡಗುತ್ತಿತ್ತು. ನಾಲ್ಕನೆಯ ಮನೆ ಮೇಲಿನ 12 ಯೂನಿಟ್ಟಿಗೆ ಮಾತ್ರ ತೆರಬೇಕಾಗುತ್ತಿತ್ತು. ಒಂದು ಮೀಟರಿನಲ್ಲಿ ಹಲವು ದೀಪ ಹಚ್ಚುವುದರ ನಿಜವಾದ ನಷ್ಟ ಇದು. ಇದು ಸಂಸಾರದ ಹಾಲು, ತರಕಾರಿಯ ಹಣ.

ಇನ್ನೊಂದು ಸಂಗತಿಯನ್ನೂ ಹೇಳದೆ ಬಿಡಲಾಗದು. ಯಜಮಾನರ ಹೆಸರಿಗೆ ಸೊನ್ನೆ ಬಿಲ್ಲು ಬಂದಿರುವಾಗ ಬಾಡಿಗೆದಾರರಿಂದ ಯೂನಿಟ್ಟಿನ ಲೆಕ್ಕದಲ್ಲಿ ಹಣ ಪಡೆಯುವುದು ಯಾವ ನ್ಯಾಯಕ್ಕೂ ಸಲ್ಲದು. ಸರ್ಕಾರ ದೀಪಕ್ಕೆ ಕೊಟ್ಟದ್ದು ದೀಪ ಉರಿಸಿದವರಿಗೆ ಸೇರಬೇಕು.

ಆದುದರಿಂದ ಕಟ್ಟಡದ ಕಾಗದಪತ್ರಗಳು ಸರಿಯಿದ್ದಲ್ಲಿ ಮನೆಗೊಂದು ಮೀಟರು ಪಡೆಯುವುದೇ ಲೇಸು. ಜನರ ಬಾಯಲ್ಲಿ ಈ ಕಚೇರಿ ಇನ್ನೂ ‘ಕೆ.ಇ.ಬಿ.’ಯೇ. 1957ರಲ್ಲಿ ಹುಟ್ಟಿದ ಆ ಮಂಡಲಿಯ ಕೆಲಸ ಈಗ ಹಲವು ಸಂಸ್ಥೆಗಳಿಗೆ ಹಂಚಿಹೋಗಿದೆ. ಹಾಸನ ಜಿಲ್ಲೆಗೆ ಕರೆಂಟು ಕೊಡುವುದು 2005ರಿಂದ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಗ್ರಾಹಕರ ಹಕ್ಕುಗಳ ಬಗ್ಗೆ ಕೇಂದ್ರ ಸರ್ಕಾರ 2020ರಲ್ಲಿ ಹೊರಡಿಸಿ 2024ರಲ್ಲಿ ತಿದ್ದಿದ ನಿಯಮಗಳ ಪ್ರಕಾರ, ಪೂರ್ಣವಾದ ಅರ್ಜಿ ಕೊಟ್ಟ ಮೇಲೆ ಪುರಸಭೆ, ನಗರಸಭೆಗಳ ವ್ಯಾಪ್ತಿಯಲ್ಲಿ 7 ದಿನಗಳೊಳಗೆ, ಗ್ರಾಮಾಂತರದಲ್ಲಿ 15 ದಿನಗಳೊಳಗೆ ಹೊಸ ಸಂಪರ್ಕ ದೊರೆಯಬೇಕು. ನಿಗಮದ ಮೀಟರು ಹೆಚ್ಚು ತೋರಿಸುತ್ತದೆಂದು ದೂರು ಕೊಟ್ಟರೆ 5 ದಿನಗಳೊಳಗೆ ಪಕ್ಕದಲ್ಲಿ ಇನ್ನೊಂದು ಮೀಟರನ್ನು ಇಟ್ಟು ಹೋಲಿಸಿ ನೋಡುವ ಏರ್ಪಾಡೂ ಆ ನಿಯಮಗಳಲ್ಲಿದೆ. ದೂರವಾಣಿಯ ದೂರಿಗೆ ಸಂಖ್ಯೆ 1912.

ಯಜಮಾನರೇ ಹಾಕಿಸಿದ ಸಬ್ ಮೀಟರಿನ ಮೇಲೆ ಅನುಮಾನ ಬಂದರೆ ಏನು ಮಾಡಬೇಕು? ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ ಇದೆ. ಮೊದಲು ಮನೆಯ ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಫ್ರಿಜ್ಜಿನಂಥವುಗಳ ಪ್ಲಗ್ಗನ್ನು ಕಿತ್ತು, ಮೀಟರಿನ ಕೆಂಪು ದೀಪವನ್ನು ಸ್ವಲ್ಪ ಹೊತ್ತು ನೋಡಿ. ಆಗಲೂ ಅದು ಮಿನುಗುತ್ತಲೇ ಇದ್ದರೆ, ತಂತಿಯಲ್ಲಿ ಸೋರಿಕೆ ಇರಬಹುದು. ಇಲ್ಲವೆ ಬೇರೊಬ್ಬರ ದೀಪ ನಿಮ್ಮ ಮೀಟರಿನಲ್ಲಿ ಉರಿಯುತ್ತಿರಬಹುದು. ಎರಡನೆಯದಾಗಿ, ಬಕೆಟ್ಟಿನ ನೀರಿನಲ್ಲಿ ಸಾವಿರ ವ್ಯಾಟಿನ ಕಾಯಿಲೊಂದನ್ನೇ ಇಟ್ಟು ಸ್ವಿಚ್ಚು ಹಾಕಿ. ಆ ಹೊತ್ತಿನಲ್ಲಿ ನೀರನ್ನಾಗಲಿ ಬಕೆಟ್ಟನ್ನಾಗಲಿ ಯಾರೂ ಮುಟ್ಟಕೂಡದು. ಯೂನಿಟ್ಟಿಗೆ 3200 ಮಿನುಗು ಎಂದು ಮೀಟರಿನ ಮುಖದ ಮೇಲೆ ಬರೆದಿದ್ದರೆ ನಿಮಿಷಕ್ಕೆ ಸುಮಾರು 53 ಬಾರಿ ಮಿನುಗಬೇಕು. ಊರಿನ ಕರೆಂಟಿನ ಏರಿಳಿತದಿಂದ ನಾಲ್ಕಾರು ಹೆಚ್ಚುಕಡಿಮೆಯಾದೀತು. 80, 90 ಎಂದು ಓಡಿದರೆ ಮೀಟರನ್ನು ಬದಲಾಯಿಸಿರೆಂದು ಧಾರಾಳವಾಗಿ ಕೇಳಬಹುದು.

ಹೊಯ್ಸಳರ ಕಾಲದ ಶಾಸನಗಳಲ್ಲಿ ದೇವರ ನಂದಾದೀವಿಗೆಗೆಂದು ಬಿಟ್ಟ ದತ್ತಿಗಳ ಉಲ್ಲೇಖ ಮೇಲಿಂದ ಮೇಲೆ ಬರುತ್ತದೆ. ಯಾವ ದೀಪಕ್ಕೆ ಯಾರಿಂದ ಏನು ಸಲ್ಲಬೇಕು ಎಂಬುದನ್ನು ಕಲ್ಲಿನಲ್ಲಿ ಕೊರೆದು, ಹೋಗುವವರು ಬರುವವರು ಕಾಣುವಂತೆ ನಿಲ್ಲಿಸುತ್ತಿದ್ದರು. ನಮಗೆ ಕಲ್ಲು ಬೇಡ. ಮೀಟರಿನ ಪಕ್ಕದಲ್ಲಿ ಮೊಳೆಗೆ ತೂಗುಹಾಕಿದ ಒಂದು ಪುಟ್ಟ ಪುಸ್ತಕ ಸಾಕು. ತಿಂಗಳ ಒಂದನೆಯ ತಾರೀಖು ಯಜಮಾನರೂ ಬಾಡಿಗೆದಾರರೂ ಒಟ್ಟಿಗೆ ನಿಂತು ಮೇನ್ ಮೀಟರಿನ ಅಂಕೆ, ಸಬ್ ಮೀಟರುಗಳ ಅಂಕೆ ಎರಡನ್ನೂ ಅದರಲ್ಲಿ ಬರೆದು ರುಜು ಹಾಕಲಿ. ಬಿಲ್ಲು ಬಂದ ದಿನ ಅದನ್ನೂ ಅಲ್ಲಿಯೇ ಅಂಟಿಸಲಿ. ಮನೆ ಬಾಡಿಗೆಗೆ ಹಿಡಿಯುವಾಗಲೇ, ಮುಂಗಡದ ಹಣ ಎಣಿಸುವ ಮೊದಲೇ, “ಕರೆಂಟಿನ ಲೆಕ್ಕ ಹೇಗೆ ಸ್ವಾಮಿ, ಮೀಟರು ಎಲ್ಲಿದೆ?” ಎಂದು ಕೇಳುವುದಕ್ಕೆ ಸಂಕೋಚ ಬೇಡ. ಕೇಳಿದವರನ್ನು ಜಗಳಗಂಟರೆಂದು ಯಜಮಾನರು ತಿಳಿಯುವುದೂ ಬೇಡ.