ಮನೆಮಾತಿನಲ್ಲಿ ಆಡಲಾಗದ ಮಾತು

ತಂದೆಗೂ ಮಗನಿಗೂ ನಡುವೆ ಭಾಷೆ ಅಡ್ಡ ಬರುವುದುಂಟೆ ಎಂದು ಕೇಳಿದರೆ ನಮಗೆ ಮೊದಲು ನೆನಪಾಗುವುದು ಪರದೇಶದಲ್ಲಿ ಬೆಳೆದ ಮೊಮ್ಮಕ್ಕಳು. ಅಷ್ಟು ದೂರ ಹೋಗಬೇಕಾಗಿಲ್ಲ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಹೊಸ್ತಿಲ ಒಳಗೊಂದು ನುಡಿ, ಹೊರಗೊಂದು ನುಡಿ. ಎರಡರ ನಡುವೆ ಓಡಾಡಿದವರಿಂದಲೂ ನಮ್ಮ ಸಾಹಿತ್ಯ ಬೆಳೆದಿದೆ. ನಾಟಕಕಾರರ ಮಟ್ಟಿಗೆ ಈ ಓಡಾಟಕ್ಕೆ ಇನ್ನೂ ಒಂದು ಅರ್ಥವಿದೆ.

ಕೈಲಾಸಂ ಅವರ ಮನೆಯೂ ತಮಿಳಿನದೇ. ತಂದೆ ಪರಮಶಿವ ಅಯ್ಯರ್ ನ್ಯಾಯಾಧೀಶರು. ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರ ಓದಿ ಬಂದ ಮಗ ‘ಟೊಳ್ಳುಗಟ್ಟಿ’ಯಲ್ಲಿ, ಮಕ್ಕಳನ್ನು ಓದಿನಿಂದಲೇ ಅಳೆಯುವ ತಂದೆಯೊಬ್ಬನನ್ನು ರಂಗದ ಮೇಲೆ ನಿಲ್ಲಿಸಿದರು. ಅದರಲ್ಲಿ ಆತ್ಮಕಥೆ ಹುಡುಕುವುದು ವಿಮರ್ಶಕರ ಚಪಲ. ನಾನು ಆ ಕೆಲಸಕ್ಕೆ ಹೋಗುವುದಿಲ್ಲ.

ಗಿರೀಶ ಕಾರ್ನಾಡರ ವಿಷಯ ಹಾಗಲ್ಲ, ಅವರೇ ಬರೆದುಕೊಂಡಿದ್ದಾರೆ. ಅವರ ಮನೆಮಾತು ಕೊಂಕಣಿ. ತಂದೆ ಡಾ. ರಘುನಾಥ ಕಾರ್ನಾಡರು ಸರ್ಕಾರಿ ವೈದ್ಯರು. ಬಾಲ್ಯ ಕಳೆದ ಶಿರಸಿಯಲ್ಲಿ ನಾಟಕ ಕಂಪನಿಗಳು ಬಿಡಾರ ಹೂಡಿದಾಗ ಮನೆಮಂದಿಯನ್ನೆಲ್ಲ ಕರೆದೊಯ್ಯುತ್ತಿದ್ದವರು ಆ ತಂದೆಯೇ. ಯಕ್ಷಗಾನಕ್ಕೆ ಮಾತ್ರ ಹುಡುಗ ಆಳುಗಳ ಜೊತೆ ಹೋಗಿ ರಾತ್ರಿಯಿಡೀ ಕೂತಿರುತ್ತಿದ್ದ. ಮುಂದೆ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, 1960ರಲ್ಲಿ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೊರಟಾಗ ಮನೆಯಲ್ಲಿ ಕಳವಳ: ಕಡಲಾಚೆ ಹೋದವನು ತಿರುಗಿ ಬಂದಾನೆಯೆ? ಯುವಕನಿಗಿದ್ದ ಹಂಬಲವಾದರೋ ಇಂಗ್ಲಿಷ್ ಕವಿಯಾಗಬೇಕೆಂಬುದು. ಆದರೆ ಆ ದಿನಗಳಲ್ಲಿ ಹುಟ್ಟಿದ್ದು ‘ಯಯಾತಿ’. ಕವಿತೆಯಲ್ಲ, ನಾಟಕ, ಇಂಗ್ಲಿಷ್ ಅಲ್ಲ, ಕನ್ನಡ, ಸಮಕಾಲೀನ ವಸ್ತುವಲ್ಲ, ಪುರಾಣ. ಬರೆದವರಿಗೇ ಅದು ಅಚ್ಚರಿ. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು ಪ್ರಕಟಿಸಿತು.

ಮಹಾಭಾರತದ ಪುರು ತಂದೆಯ ಮುಪ್ಪನ್ನು ಹೊತ್ತು, ಕೊನೆಗೆ ಸಿಂಹಾಸನ ಪಡೆಯುತ್ತಾನೆ. ಕಾರ್ನಾಡರು ಅವನಿಗೊಬ್ಬಳು ಹೆಂಡತಿಯನ್ನು ಕೊಟ್ಟರು, ಚಿತ್ರಲೇಖೆ. ನೋಡನೋಡುತ್ತ ಮುದುಕನಾದ ಗಂಡನನ್ನು ಕಂಡು ಹೌಹಾರಿದ ಆಕೆ ಮಾವನನ್ನೇ ನೇರವಾಗಿ ಪ್ರಶ್ನಿಸಿ ಪ್ರಾಣ ಬಿಡುತ್ತಾಳೆ. ಆ ಸಾವಿನ ಎದುರು ಯಯಾತಿ ತನ್ನ ಮುಪ್ಪನ್ನು ತಾನೇ ಹಿಂದಕ್ಕೆ ಪಡೆಯುತ್ತಾನೆ. ತನ್ನ ಭವಿಷ್ಯವನ್ನು ಹಿರಿಯರಿಗಾಗಿ ತ್ಯಾಗಮಾಡಬೇಕೆಂಬ ಒತ್ತಡದ ಮೇಲಿನ ಸಿಟ್ಟು ಇಲ್ಲಿದೆಯೆಂದು ಕಾರ್ನಾಡರೇ ಹೇಳಿದ್ದಾರೆ. ಆದರೆ ಗಮನಿಸಿ, ಇದು ಬರಿಯ ದೂರಲ್ಲ. ತಂದೆಗೂ ಇಲ್ಲಿ ಕಣ್ಣು ತೆರೆಯುತ್ತದೆ. ಮಗನ ಲೇಖನಿ ಅವನಿಗೆ ಅಷ್ಟು ಎಡೆ ಕೊಟ್ಟಿದೆ.

ಇದನ್ನು ಕೊಂಕಣಿಯಲ್ಲಿ ಹೇಳಬಹುದಿತ್ತಲ್ಲ? ಬಹುಶಃ ಆಗುತ್ತಿರಲಿಲ್ಲ. ಮನೆಮಾತು ಊಟದ, ಅಕ್ಕರೆಯ, ವಿಧೇಯತೆಯ ಮಾತು; ಅದರಲ್ಲಿ ಬಾಯಿ ತೆರೆದರೆ ಮಗ ಮಗನೇ ಆಗಿಬಿಡುತ್ತಾನೆ. ಇಂಗ್ಲಿಷಿನಲ್ಲಿ ಹೇಳಿದ್ದರೆ ಅದು ಆಗಲೇ ಹಡಗು ಹತ್ತಿದವನ ಮಾತು. ಕನ್ನಡವೋ, ತಂದೆಯೇ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿಸಿದ ರಂಗದ ನುಡಿ. ಅಲ್ಲಿ ರಾಜಕುಮಾರನೊಬ್ಬ ರಾಜನಿಗೆ ಏನನ್ನಾದರೂ ಹೇಳಬಹುದು.

ಇದನ್ನು ತರಗತಿಯಲ್ಲಿ ಎಷ್ಟೋ ವರ್ಷ ಪಾಠ ಹೇಳಿದ್ದೆ. ಅದರ ನಿಜ ತಿಳಿದದ್ದು ನಾನಿರುವ ಹಿನಕಲ್ಲಿನ ಹುಡುಗನೊಬ್ಬನಿಂದ. ಹುಣಸೂರು ರಸ್ತೆಯ ಈ ಹಳ್ಳಿಯ ಸುತ್ತ ಬಡಾವಣೆಗಳು ಎದ್ದಾಗ ಅವನ ತಂದೆ ಆಂಧ್ರದಿಂದ ಗಾರೆ ಕೆಲಸಕ್ಕೆ ಬಂದು ಇಲ್ಲೇ ನಿಂತವರು. ಅವರ ಕನ್ನಡ ಇಟ್ಟಿಗೆ, ಮರಳು, ಕೂಲಿಯ ಲೆಕ್ಕಕ್ಕೆ ಸಾಕಾಗುವಷ್ಟು. ಮಗ ಕನ್ನಡ ಶಾಲೆಯಲ್ಲಿ ಓದಿ ತೆಲುಗನ್ನು ಮರೆತಿದ್ದ. ತಂದೆ ತೆಲುಗಿನಲ್ಲಿ ಕೇಳಿದರೆ ಕನ್ನಡದಲ್ಲಿ ಉತ್ತರ, ಅದೂ ಒಂದೆರಡೇ ಮಾತು. ಓದು ಬಿಟ್ಟು ಕೆಲಸಕ್ಕೆ ಬಾ ಎಂಬುದು ತಂದೆಯ ಒತ್ತಾಯ. ಕಾಲೇಜಿನಲ್ಲಿ ‘ಯಯಾತಿ’ಯ ಕೆಲವು ದೃಶ್ಯಗಳನ್ನು ಆಡಿಸಿದಾಗ ಅವನು ಪುರುವಾದ. ತಂದೆ ಕೆಲಸದ ಬಟ್ಟೆಯಲ್ಲೇ ಬಂದು ಕೊನೆಯ ಸಾಲಿನಲ್ಲಿ ಕೂತರು. ಆ ಗ್ರಾಂಥಿಕ ಕನ್ನಡ ಅವರಿಗೆಷ್ಟು ಅರ್ಥವಾದೀತು ಎಂದು ನನಗೆ ಅನುಮಾನ. ಪುರು ಮುಪ್ಪನ್ನು ಹೊತ್ತು ಸೊಂಟ ಬಗ್ಗಿಸಿ ನಡೆದು ಬಂದನಲ್ಲ, ಅವರು ತಟ್ಟನೆ ಎದ್ದು ನಿಂತರು. ಆ ನಡಿಗೆ ಅವರದೇ. ಸಂಜೆ ಗಾರೆಯ ಬಾಂಡ್ಲಿ ಇಳಿಸಿ ಮನೆಗೆ ಬರುವಾಗಿನದು.

ನಾಟಕ ಮುಗಿದ ಮೇಲೆ ಬಣ್ಣ ಒರೆಸಿಕೊಳ್ಳುತ್ತಿದ್ದ ಮಗನ ಬಳಿಗೆ ಬಂದು, ಕಟ್ಟಡದ ಮೇಲೆ ಕಲಿತ ಆ ಕನ್ನಡದಲ್ಲೇ ಕೇಳಿದರು: “ನಾನು ಅಷ್ಟು ಬಗ್ಗಿ ನಡೀತೀನೇನಪ್ಪಾ?”

ಹುಡುಗ ತಡವರಿಸುತ್ತ ತೆಲುಗಿನಲ್ಲಿ ಏನೋ ಹೇಳಿದ. ನನಗೆ ತೆಲುಗು ಬಾರದು.