ಮರದ ಮೇಲಿನ ಬಾಣಂತಿಯರು

(ನಮ್ಮ ಸಂಘದ ಸಂಸ್ಥಾಪನಾ ದಿನದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ವೈದ್ಯನಾದ ನನ್ನನ್ನು ವೇದಿಕೆಗೆ ಕರೆದಾಗ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಬಗ್ಗೆ ನಾಲ್ಕು ಮಾತು ಹೇಳಲಿ ಎಂಬುದು ಸಹಜವಾದ ನಿರೀಕ್ಷೆ. ಅದನ್ನು ನಾನು ದಿನವೂ ಆಸ್ಪತ್ರೆಯಲ್ಲಿ ಹೇಳುತ್ತಲೇ ಇರುತ್ತೇನೆ, ಕೇಳುವವರು ಕಡಿಮೆ. ಆದ್ದರಿಂದ ಇಂದು ಔಷಧಿಯ ಮಾತು ಬೇಡ. ಒಂದು ಊರಿನ ಕಥೆ ಹೇಳುತ್ತೇನೆ. ಅದರ ಜೊತೆಗೆ ನಾನು ಮಾಡಿದ ಒಂದು ತಪ್ಪನ್ನೂ ಹೇಳಿಕೊಳ್ಳುತ್ತೇನೆ.

ತಪ್ಪಿನಿಂದಲೇ ಆರಂಭಿಸುತ್ತೇನೆ. ಮದ್ದೂರಿನ ಕಡೆ ನಮ್ಮದೊಂದು ಹಳ್ಳಿ ಮನೆ. ಹಿತ್ತಲಲ್ಲಿ ಅಜ್ಜನ ಕಾಲದ ಎರಡು ಹುಣಸೆ ಮರಗಳಿದ್ದವು. 2021ರಲ್ಲಿ, ಕೊರೋನಾದಿಂದಾಗಿ ಊರಿಗೆ ಹೋಗಿಬರುವುದೇ ಕಷ್ಟವಾಗಿದ್ದಾಗ, ತಮ್ಮ ಫೋನ್ ಮಾಡಿದ. "ಅಣ್ಣಾ, ಹೊಸ ಮನೆಯ ಪಾಯಕ್ಕೆ ಆ ಮರಗಳು ಅಡ್ಡ ಬರ್ತವೆ. ಏನು ಮಾಡ್ಲಿ?" ಅಂದ. ನಾನು ಡ್ಯೂಟಿಯಲ್ಲಿದ್ದೆ. "ಕಡಿಸಿಬಿಡು" ಅಂದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಹಣ ಕಳಿಸುವವನು ನಾನಾದ್ದರಿಂದ ನನ್ನ ಮಾತೇ ಕೊನೆಯದಾಯಿತು. ಎಪ್ಪತ್ತು ಎಂಬತ್ತು ವರ್ಷ ನೆರಳು ಕೊಟ್ಟ ಮರಗಳು ಎರಡು ದಿನದಲ್ಲಿ ಸೌದೆಯಾದವು.

ಇನ್ನು ಊರಿನ ಕಥೆ. 2023ರ ಮಾರ್ಚ್ ತಿಂಗಳಲ್ಲಿ ರಜೆಗೆ ಹೋದಾಗ ಮಕ್ಕಳನ್ನು ಕೊಕ್ಕರೆಬೆಳ್ಳೂರಿಗೆ ಕರೆದುಕೊಂಡು ಹೋದೆ. ನಮ್ಮ ತಾಲ್ಲೂಕಿನದೇ ಊರು. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ರುದ್ರಾಕ್ಷಿಪುರದ ಬಳಿ ತಿರುಗಿ ಸುಮಾರು 12 ಕಿ.ಮೀ. ಹೋದರೆ ಸಿಗುತ್ತದೆ. ಹತ್ತಿರದಲ್ಲೇ ಶಿಂಷಾ ನದಿ. ಇಷ್ಟು ಸಮೀಪವಿದ್ದರೂ ನಾನು ಬುದ್ಧಿ ಬಂದ ಮೇಲೆ ಅಲ್ಲಿಗೆ ಹೋದದ್ದು ಅದೇ ಮೊದಲು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ವೈದ್ಯನಿಗೂ ತಪ್ಪಲಿಲ್ಲ!

ಕಾರಿನಿಂದ ಇಳಿದ ಕೂಡಲೇ ನನ್ನ ಮಗ, "ಅಪ್ಪಾ, ಟಿಕೆಟ್ ಎಲ್ಲಿ ತಗೋಬೇಕು? ಗೇಟ್ ಎಲ್ಲಿದೆ?" ಎಂದು ಜೋರಾಗಿ ಕೇಳಿದ. ಮನೆಯ ಜಗುಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯೊಬ್ಬರು ತಲೆಯೆತ್ತಿ, "ವಸಿ ಮೆಲ್ಗೆ ಮಾತಾಡಪ್ಪ, ಮೇಲೆ ಬಾಣಂತೀರು ಅವ್ರೆ" ಎಂದರು. ನೋಡಿದರೆ ಅವರ ಮನೆಯ ಹುಣಸೆ ಮರದ ತುಂಬ ಹೆಜ್ಜಾರ್ಲೆಗಳು! ಕೊಕ್ಕಿನ ಕೆಳಗೆ ಚೀಲ ಹೊತ್ತ ದೊಡ್ಡ ದೊಡ್ಡ ಹಕ್ಕಿಗಳು. ಪಕ್ಕದ ಮರದಲ್ಲಿ ಬಣ್ಣದ ಕೊಕ್ಕರೆಗಳು. ಗೇಟೂ ಇಲ್ಲ, ಬೇಲಿಯೂ ಇಲ್ಲ. ಕೆಳಗೆ ಕೊಟ್ಟಿಗೆ, ಮೇಲೆ ಗೂಡು.

ಆ ಊರಿನವರ ಲೆಕ್ಕದಲ್ಲಿ ಈ ಹಕ್ಕಿಗಳು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು. ಚಳಿಗಾಲದ ಹೊತ್ತಿಗೆ ಬರುತ್ತವೆ, ಮೊಟ್ಟೆಯಿಟ್ಟು ಮರಿ ಮಾಡಿ, ಬೇಸಿಗೆ ಕಳೆಯುವಷ್ಟರಲ್ಲಿ ಮರಿಗಳೊಂದಿಗೆ ಹಾರಿಹೋಗುತ್ತವೆ. ಬಹಳ ಹಿಂದೆ ಪ್ಲೇಗು ಬಂದು ಊರು ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವು ಎಂದು ಹಿರಿಯರು ಹೇಳುತ್ತಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರನ್ನು ಹೊರಜಗತ್ತಿನ ಗಮನಕ್ಕೆ ತಂದರು. ಆದರೆ ಸರ್ಕಾರ ಬರುವುದಕ್ಕೆ ಎಷ್ಟೋ ಮುಂಚಿನಿಂದ ಹಕ್ಕಿಗಳನ್ನು ಕಾದವರು ಊರಿನ ಜನ.

ಇದನ್ನು ಬರೀ ಭಕ್ತಿ, ಪ್ರೀತಿ ಎಂದು ಹಾಡಿ ಹೊಗಳಿ ಮುಗಿಸಿದರೆ ಆ ರೈತರಿಗೆ ಅನ್ಯಾಯವಾಗುತ್ತದೆ. ಗೂಡು ಇರುವ ಮರದಲ್ಲಿ ಹುಣಸೆ ಉದುರಿಸುವಂತಿಲ್ಲ. ವರ್ಷದ ಫಸಲು ಹೋಯಿತು. ಅಂಗಳದಲ್ಲಿ ಹಿಕ್ಕೆ, ಮೀನಿನ ವಾಸನೆ. ಅದಕ್ಕೆ ಬದಲಾಗಿ ಮರದ ಕೆಳಗೆ ಗುಂಡಿ ತೋಡಿ, ಕೆರೆಗೋಡು ಹಾಕಿ, ಹಿಕ್ಕೆಯನ್ನು ಕೂಡಿಸಿ ಒಳ್ಳೆಯ ಗೊಬ್ಬರ ಮಾಡಿಕೊಳ್ಳುತ್ತಾರೆ. ಅರಣ್ಯ ಇಲಾಖೆಯೂ ಮರದ ಒಡೆಯರಿಗೆ ಒಂದಿಷ್ಟು ಸಹಾಯಧನ ಕೊಡುತ್ತ ಬಂದಿದೆ. ಆದರೆ ಮರ ಮಾರಿದರೆ ಬರುವ ಹಣದ ಮುಂದೆ ಅದು ದೊಡ್ಡದಲ್ಲ. ಹೀಗಿದ್ದೂ ಮರ ಉಳಿಸಿಕೊಳ್ಳುವುದೆಂದರೆ ಪ್ರತಿ ವರ್ಷವೂ ಹೊಸದಾಗಿ ಮಾಡಬೇಕಾದ ತ್ಯಾಗ.

ಈ ಕಷ್ಟದ ಲೆಕ್ಕವನ್ನು ಅರಿತೇ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಎಂಬ ನಿಸರ್ಗಪ್ರಿಯರ ತಂಡದ ಕೆ. ಮನು ಮತ್ತು ಗೆಳೆಯರು 1990ರ ದಶಕದಲ್ಲಿ ಊರಿನ ಯುವಕರೊಂದಿಗೆ ಸೇರಿ ಕೆಲಸ ಆರಂಭಿಸಿದರು. 'ಹೆಜ್ಜಾರ್ಲೆ ಬಳಗ' ಹುಟ್ಟಿಕೊಂಡಿತು. ಬಳಗದ ಹುಡುಗರು ಗೂಡಿನಿಂದ ಕೆಳಗೆ ಬಿದ್ದ ಮರಿಗಳನ್ನು ಎತ್ತಿ ತಂದು, ಬಲೆಯ ಆವರಣದಲ್ಲಿಟ್ಟು, ಮೀನು ತಿನ್ನಿಸಿ, ಹಾರುವ ಶಕ್ತಿ ಬಂದ ಮೇಲೆ ಬಿಡುತ್ತಾರೆ. ಇದನ್ನು ಹಕ್ಕಿಗಳ ಶಿಶು ವಾರ್ಡ್ ಎನ್ನಬಹುದು. ಬಂದ ಪ್ರವಾಸಿಗಳಿಗೆ ದಾರಿ ತೋರಿಸುತ್ತಾರೆ, ಗಲಾಟೆ ಮಾಡಿದರೆ ಗದರಿಸುತ್ತಾರೆ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಅಂದರೆ ಊರಿನವರನ್ನು ಹೊರಗೆ ಕಳಿಸದೆ, ಅವರನ್ನೇ ಪಾಲುದಾರರನ್ನಾಗಿ ಇಟ್ಟುಕೊಂಡು ನಡೆಸುವ ರಕ್ಷಣೆ.

ಕಷ್ಟಗಳು ಮುಗಿದಿಲ್ಲ. 2017ರ ಕೊನೆಯಿಂದ ಕೆಲವು ತಿಂಗಳು ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತವು. ಪರೀಕ್ಷಿಸಿದಾಗ ಅವುಗಳ ಹೊಟ್ಟೆಯಲ್ಲಿ ಜಂತುಹುಳುಗಳು ಕಂಡವು. ಮರ ಉಳಿಸಿದರಷ್ಟೇ ಸಾಲದು, ಸುತ್ತಣ ಕೆರೆಯ ನೀರೂ ಮೀನೂ ಆರೋಗ್ಯವಾಗಿರಬೇಕು. ಮನುಷ್ಯನ ದೇಹದಂತೆಯೇ ಇದು. ಒಂದು ಅಂಗಕ್ಕೆ ಮಾತ್ರ ಚಿಕಿತ್ಸೆ ಕೊಟ್ಟರೆ ರೋಗಿ ಉಳಿಯುವುದಿಲ್ಲ.

ಜಗುಲಿಯ ಅಜ್ಜಿಗೆ ನಾನು ಕೇಳಿದೆ, "ಮರ ಕಡಿಸಿ ಮನೆ ದೊಡ್ಡದು ಮಾಡಿಕೊಳ್ಳಬೇಕು ಅಂತ ಮಕ್ಕಳು ಹೇಳೋದಿಲ್ವಾ ಅಜ್ಜಿ?" "ಯೋಳ್ತಾರೆ. ಬೆಂಗ್ಳೂರಲ್ಲಿರೋರು ಯೋಳ್ತಾರೆ" ಎಂದರು. ಅವರಿಗೆ ನನ್ನ ಕಥೆ ಗೊತ್ತಿರಲಿಲ್ಲ. ಆದರೂ ನನ್ನ ತಲೆ ತಾನಾಗಿ ತಗ್ಗಿತು. ಊರಿನಲ್ಲಿ ಇರುವವರಿಗಿಂತ ದೂರದಲ್ಲಿ ಇರುವವರೇ ಬೇಗ "ಕಡಿಸಿಬಿಡು" ಎನ್ನುತ್ತೇವೆ. ಏಕೆಂದರೆ ನೆರಳು ಹೋದದ್ದು ನಮಗೆ ತಟ್ಟುವುದಿಲ್ಲ.

ಬಂಧುಗಳೇ, ನಾವು ನೆಲೆಸಿರುವ ಈ ನೆಲಕ್ಕೂ ಇಂಥ ತಿಳಿವಳಿಕೆ ಹೊಸದಲ್ಲ. ನಮ್ಮ ನಜ್ರಾನ್ ಪ್ರಾಂತ್ಯದ 'ಹಿಮಾ' ಬಂಡೆ ಚಿತ್ರಗಳನ್ನು 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಿಮಾ ಎಂಬ ಅರಬ್ಬಿ ಮಾತಿಗೆ ಕಾಪಿಟ್ಟ ಜಾಗ ಎಂದು ಅರ್ಥ. ಊರಿನ ಜನ, ಬುಡಕಟ್ಟಿನ ಜನ ಸೇರಿ ಇಂತಿಂಥ ಕಾಲದಲ್ಲಿ ಇಲ್ಲಿ ಮೇಯಿಸಬಾರದು, ಮರ ಕಡಿಯಬಾರದು ಎಂದು ಕಟ್ಟುಪಾಡು ಹಾಕಿಕೊಳ್ಳುತ್ತಿದ್ದ ಹಳೆಯ ಪದ್ಧತಿ ಅದು. ಕೊಡಗಿನ 1200ಕ್ಕೂ ಹೆಚ್ಚು ದೇವರಕಾಡುಗಳನ್ನು ನೆನೆಯಿರಿ; ಮಾತು ಬೇರೆ, ಮನಸ್ಸು ಒಂದೇ. ಇದೇ ಪ್ರಾಂತ್ಯದ ಮರಳುಗಾಡಿನಂಚಿನ ಉರುಕ್ ಬನಿ ಮಆರಿದ್ ರಕ್ಷಿತ ಪ್ರದೇಶದಲ್ಲಿ, ಬಯಲಿನಿಂದಲೇ ಕಣ್ಮರೆಯಾಗಿದ್ದ ಓರಿಕ್ಸ್ ಎಂಬ ಬಿಳಿಯ ಹುಲ್ಲೆಯನ್ನು 1995ರಲ್ಲಿ ಮರಳಿ ಬಿಟ್ಟರು. 2023ರಲ್ಲಿ ಅದಕ್ಕೂ ವಿಶ್ವ ಪರಂಪರೆಯ ಮನ್ನಣೆ ದೊರೆಯಿತು.

ಹಾಗಾದರೆ ನಾವು ಹೊರಗೆ ಸುತ್ತಾಡುವುದನ್ನೇ ಬಿಡಬೇಕೇ? ಖಂಡಿತ ಬೇಡ. ವರ್ಷವಿಡೀ ಬಿಸಿಲಿರುವ ಈ ನಾಡಿನಲ್ಲಿ ವಿಟಮಿನ್ 'ಡಿ' ಕೊರತೆಯ ಮಕ್ಕಳನ್ನು ನಾನು ನೋಡುತ್ತಿದ್ದೇನೆ. ಏ.ಸಿ. ಕೋಣೆಯಿಂದ ಏ.ಸಿ. ಕಾರಿಗೆ, ಅಲ್ಲಿಂದ ಮಾಲ್‌ಗೆ, ಇಷ್ಟೇ ಅವರ ಪ್ರಪಂಚ. ವಾದಿ ನಜ್ರಾನ್ ಅಣೆಕಟ್ಟಿನ ಕಡೆಗೆ, ಖರ್ಜೂರದ ತೋಟಗಳ ಕಡೆಗೆ ಅವರನ್ನು ಅಗತ್ಯವಾಗಿ ಕರೆದೊಯ್ಯಿರಿ, ನಡೆಸಿರಿ. ಆದರೆ ಹೋದ ಜಾಗಕ್ಕೂ ಒಂದು ತಾಳುವ ಶಕ್ತಿ ಇದೆ. 2024ರ ಗಣರಾಜ್ಯ ದಿನದ ರಜೆಯಲ್ಲಿ ನಮ್ಮ ಕುಮಾರಪರ್ವತವನ್ನು ಹತ್ತಲು ಸಾವಿರಾರು ಜನ ಒಮ್ಮೆಲೇ ಬಂದರು. ಆಮೇಲೆ ಸರ್ಕಾರವು ಚಾರಣಕ್ಕೆ ಮುಂಗಡ ನೋಂದಣಿ, ದಿನಕ್ಕೆ ಇಂತಿಷ್ಟೇ ಜನ ಎಂಬ ನಿಯಮ ತರಬೇಕಾಯಿತು. ಬೆಟ್ಟದ ಮೇಲಿನ ಪ್ರೀತಿಯೂ ಅತಿಯಾದರೆ ಬೆಟ್ಟಕ್ಕೆ ಭಾರವೇ.

ಆದ್ದರಿಂದ ಸಂಘದ ಮುಂದೆ ಮೂರು ಸಣ್ಣ ಕೋರಿಕೆಗಳನ್ನು ಇಡುತ್ತೇನೆ. ಒಂದು, ನಮ್ಮ ವನಭೋಜನಗಳಲ್ಲಿ ಬಿಸಿಬೇಳೆಬಾತಿನ ಪಾತ್ರೆ ಹೊರುವುದಕ್ಕೆ ಹೇಗೆ ಸ್ವಯಂಸೇವಕರಿದ್ದಾರೋ ಹಾಗೆಯೇ ಕಸದ ಚೀಲ ಹೊರುವುದಕ್ಕೂ ಇರಲಿ. ಆ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು. ಎರಡು, ರಜೆಗೆ ಊರಿಗೆ ಹೋದಾಗ ಒಂದು ದಿನವನ್ನು ಕೊಕ್ಕರೆಬೆಳ್ಳೂರಿನಂಥ ಊರಿಗೆ ಮೀಸಲಿಡಿ. ಫೋಟೋ ತೆಗೆದು ಓಡಿ ಬರಬೇಡಿ. ಅಲ್ಲಿನ ಬಳಗದವರನ್ನು ಮಾತನಾಡಿಸಿ, ಮರಿಗಳ ಮೀನಿನ ಖರ್ಚಿಗೆ ಕೈಲಾದಷ್ಟು ಕೊಟ್ಟು ಬನ್ನಿ. ಮೂರು, ಊರಿನಿಂದ "ಮರ ಅಡ್ಡ ಬರುತ್ತೆ" ಎಂದು ಫೋನ್ ಬಂದರೆ ಆ ದಿನವೇ ಉತ್ತರ ಕೊಡಬೇಡಿ. ಒಂದು ರಾತ್ರಿ ಕಳೆಯಲಿ. ಮನೆಯ ನಕ್ಷೆಯನ್ನು ನಾಲ್ಕು ಅಡಿ ಸರಿಸಲು ಸಾಧ್ಯವೇ ಎಂದು ಕೇಳಿ.

ನಾನು ಅದನ್ನು ಕೇಳಲಿಲ್ಲ. ಈಗ ಆ ಹಿತ್ತಲಲ್ಲಿ, ಉಳಿದ ಜಾಗದಲ್ಲಿ, ಮಗನ ಕೈಯಿಂದ ಎರಡು ಹುಣಸೆ ಸಸಿ ನೆಡಿಸಿದ್ದೇನೆ. ಅವುಗಳಲ್ಲಿ ಹಕ್ಕಿ ಗೂಡು ಕಟ್ಟುವಷ್ಟು ಟೊಂಗೆ ಬರುವ ಹೊತ್ತಿಗೆ ನಾನು ಇರುತ್ತೇನೋ ಇಲ್ಲವೋ. ಸಸಿ ನೆಟ್ಟು ಕೈ ತೊಳೆದುಕೊಂಡ ಮೇಲೆ ಮಗ ಕೇಳಿದ, "ಅಪ್ಪಾ, ಬಾಣಂತೀರು ಯಾವಾಗ ಬರ್ತಾರೆ?" "ನಾವು ಕಾಯ್ದರೆ ಬರ್ತಾರೆ ಕಣೋ" ಎಂದೆ.

 ಸಂಘ ನೂರ್ಕಾಲ ಬಾಳಲಿ.

ಜೈ ಕರ್ನಾಟಕ.